ಬರಿಯ ತಂತಿಯ ದನಿ

"ಗುರುಗಳೇ, ನನಗೆ ಹತ್ತಿರದವರೊಬ್ಬರ ಮೇಲೆ ಸಂಶಯ ಹುಟ್ಟಿದೆ. ಅದು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೆಸರನ್ನು ಕೇಳಲಿಲ್ಲ, ವಿಷಯವನ್ನೂ ಕೇಳಲಿಲ್ಲ. ಅವನನ್ನು ಕೂರಿಸಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ಅಕ್ಕ ಹಾಡುತ್ತಿದ್ದಳು. ತಮ್ಮ ಗಿಟಾರ್ ನುಡಿಸುತ್ತಿದ್ದ. ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿಗೆ ಕರೆದರೂ ಜೊತೆಯಾಗಿ ಹೋಗುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಜನ ಅಕ್ಕನನ್ನು ಸುತ್ತುವರಿದು ಹೊಗಳುತ್ತಿದ್ದರು. ಹೊರಡುವಾಗ ತಮ್ಮನ ಕಡೆ ತಿರುಗಿ "ನೀವೂ ಚೆನ್ನಾಗಿ ನುಡಿಸಿದಿರಿ" ಎನ್ನುತ್ತಿದ್ದರು. ಆ 'ನೀವೂ' ಎಂಬ ಮಾತು ತಮ್ಮನಿಗೆ ಚುಚ್ಚುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ತಮ್ಮ ಇಫೆಕ್ಟ್ಸ್ ಪ್ರೊಸೆಸರ್ ಎಂಬುದೊಂದನ್ನು ಕೊಂಡು ತಂದ. ಗಿಟಾರಿನ ದನಿಗೆ ಬಣ್ಣ ಹಚ್ಚುವ ಪೆಟ್ಟಿಗೆ ಅದು. ಕಾಲಿನಿಂದ ಒಂದು ಗುಂಡಿ ಒತ್ತಿದರೆ ಚಿಕ್ಕ ಕೋಣೆಯಲ್ಲಿ ನುಡಿಸಿದ್ದು ದೊಡ್ಡ ಸಭಾಂಗಣದಲ್ಲಿ ನುಡಿಸಿದಂತೆ ಮೊಳಗುತ್ತದೆ. ಇನ್ನೊಂದು ಒತ್ತಿದರೆ ತಂತಿ ಗುಡುಗುತ್ತದೆ. ನನಗೆ ಆ ಯಂತ್ರದ ವಿಚಾರ ಹೆಚ್ಚು ಗೊತ್ತಿಲ್ಲ. ಕತೆಗೆ ಬೇಕಾದಷ್ಟು ತಿಳಿದುಕೊಂಡಿದ್ದೇನೆ. ಅದು ಬಂದ ಮೇಲೆ ಜನ ತಮ್ಮನ ಬಳಿಗೂ ಬಂದು ನಿಂತರು. ಇಂಥ ದನಿ ಹೇಗೆ ಬರುತ್ತದೆ ಎಂದು ವಿಚಾರಿಸಿದರು. ತಮ್ಮನಿಗೆ ಆ ಪೆಟ್ಟಿಗೆಯೇ ತಾನು ಎನ್ನುವಂತಾಯಿತು.

ಆ ಕಾಲಕ್ಕೆ ಒಂದು ನಾಟಕ ತಂಡದವರು ತಮ್ಮ ಹೊಸ ನಾಟಕಕ್ಕೆ ಹಾಡು ಬೇಕೆಂದು ಅಕ್ಕನಿಗೆ ಹೇಳಿ ಕಳುಹಿಸಿದರು. ಮಾದರಿಗೆ ಎರಡು ಹಾಡು ಧ್ವನಿಮುದ್ರಿಸಿ ಕೊಡಬೇಕು. ಹಿಡಿಸಿದರೆ ಇಡೀ ನಾಟಕದ ಸಂಗೀತ ಅವರದೇ. ತಂಡದ ಜೊತೆ ಊರೂರು ತಿರುಗುವ ಕೆಲಸವೂ ಸಿಗುತ್ತದೆ. ಅಕ್ಕನಿಗಾಗಲಿ ತಮ್ಮನಿಗಾಗಲಿ ನೆಚ್ಚಿಕೊಳ್ಳುವಂಥ ಬೇರೆ ಕೆಲಸ ಇರಲಿಲ್ಲ. ಇಬ್ಬರೂ ಒಪ್ಪಿಕೊಂಡರು.

ಅಕ್ಕನ ಮನೆಯ ಒಂದು ಕೋಣೆಯೇ ಅವರ ಸ್ಟುಡಿಯೋ. ಗೋಡೆಗೆ ಹಳೆಯ ಕೌದಿಗಳನ್ನು ತೂಗುಹಾಕಿ ಹೊರಗಿನ ಸದ್ದನ್ನು ತಡೆದಿದ್ದರು. ಕಂಪ್ಯೂಟರ್ ನೋಡಿಕೊಳ್ಳುವವಳು ಅಕ್ಕ. ತಮ್ಮ ಗಿಟಾರಿನ ಕೇಬಲನ್ನು ಪೆಟ್ಟಿಗೆಗೆ ಸಿಕ್ಕಿಸಿದ. ಪೆಟ್ಟಿಗೆಯ ಕೇಬಲನ್ನು ಅಕ್ಕ ಕಂಪ್ಯೂಟರಿಗೆ ಸಿಕ್ಕಿಸಿದಳು. ತಮ್ಮ ಹೆಡ್‌ಫೋನನ್ನು ತನ್ನ ಪೆಟ್ಟಿಗೆಗೇ ಸೇರಿಸಿ ಕಿವಿಗೆ ಹಾಕಿಕೊಂಡ. ನುಡಿಸಿದಾಗ ಅವನಿಗೆ ಬೇಕಾದ ದನಿಯೇ ತುಂಬಿ ಕೇಳಿಸಿತು. ಮೊದಲ ಹಾಡು ಮುಗಿಯಿತು.

ಅಕ್ಕ ಅದನ್ನು ಸ್ಪೀಕರಿನಲ್ಲಿ ಹಾಕಿದಳು. ತಮ್ಮ ಬೆಚ್ಚಿದ. ಅವನ ಗಿಟಾರ್ ಒಣಗಿಹೋಗಿತ್ತು. ಸಭಾಂಗಣವೂ ಇಲ್ಲ, ಗುಡುಗೂ ಇಲ್ಲ. ಬರಿಯ ತಂತಿಯ ದನಿ. ಬೆರಳು ಜಾರಿದ ಸದ್ದು ಸಹ ಕೇಳಿಸುತ್ತಿತ್ತು.

"ಅಕ್ಕಾ, ನನ್ನ ಗಿಟಾರಿಗೆ ಏನು ಮಾಡಿದೆ?"

"ಏನೂ ಮಾಡಿಲ್ಲ ಕಣೋ. ನಿನ್ನ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಎರಡು ದಾರಿ ಇದೆ. ಒಂದರಲ್ಲಿ ಬಣ್ಣ ಹಚ್ಚಿದ ದನಿ ಬರುತ್ತೆ, ಇನ್ನೊಂದರಲ್ಲಿ ಬರಿಯದು. ನಾನು ಬರಿಯದನ್ನು ತಗೊಂಡೆ. ನಾಟಕದವರಿಗೆ ಎಂಥದು ಬೇಕೋ ನೋಡಿಕೊಂಡು ಆಮೇಲೆ ಹಚ್ಚಬಹುದು. ಮೊದಲೇ ಹಚ್ಚಿಬಿಟ್ಟರೆ ಒರೆಸಲಿಕ್ಕೆ ಆಗಲ್ಲ."

ತಮ್ಮ ತಲೆಯಾಡಿಸಿದ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಒಂದು ವಿಚಾರ ಹೊಳೆಯಿತು. ಅಕ್ಕ ಉತ್ತರ ಕೊಡಲು ತಡವರಿಸಲೇ ಇಲ್ಲ. ಮೊದಲೇ ಯೋಚಿಸಿ ಇಟ್ಟುಕೊಂಡಂತೆ ಹೇಳಿದಳು. ಯಾರು ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ?

ಅಂದಿನಿಂದ ಅವನು ಅಕ್ಕನನ್ನು ಗಮನಿಸತೊಡಗಿದ. ಮುದ್ರಿಸಿದ ಹಾಡಿನಲ್ಲಿ ಅವಳ ದನಿಗೆ ಮಾತ್ರ ಕೊಂಚ ಮೊಳಗು ಸೇರಿತ್ತು; ಅದು ಅವನ ಕಿವಿಗೆ ಬಿತ್ತು. ಹಾಡನ್ನು ಹದಗೊಳಿಸುವಾಗ ಅವಳು ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಬೀದಿಯ ಸದ್ದಿಗೆ ಹಾಗೆ ಮಾಡುತ್ತಾಳೆ ಎಂದು ಇಷ್ಟು ದಿನ ಅಂದುಕೊಂಡಿದ್ದ. ಈಗ ಹಾಗೆ ಅನಿಸಲಿಲ್ಲ. ನಾಟಕದ ನಿರ್ದೇಶಕರು ಫೋನ್ ಮಾಡಿದಾಗ ಅವಳು ಎದ್ದು ಜಗಲಿಗೆ ಹೋಗಿ ಮಾತನಾಡಿದಳು. ಒಳಗೆ ಸಿಗ್ನಲ್ ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೂ ಅವಳು ಯಾಕೆ ಅಷ್ಟು ಮೆಲ್ಲಗೆ ಮಾತನಾಡಿದಳು ಎಂದು ಯೋಚಿಸಿದ. ಅವಳು ಊಟಕ್ಕೆ ಕರೆದರೆ ಯಾಕೆ ಕರೆದಳು ಎನಿಸಿತು. ಕರೆಯದಿದ್ದರೆ ಯಾಕೆ ಕರೆಯಲಿಲ್ಲ ಎನಿಸಿತು.

ಒಂದು ಮಧ್ಯಾಹ್ನ ಅಕ್ಕ ಸಂತೆಗೆ ಹೋಗಿದ್ದಳು. ತಮ್ಮ ಅವಳ ಮನೆಗೆ ಹೋಗಿ ಕಂಪ್ಯೂಟರ್ ತೆರೆದ. ಎರಡು ದಾರಿಗಳೂ ಅವಳು ಹೇಳಿದಂತೆಯೇ ಇದ್ದವು. ಬರಿಯ ದನಿಯ ದಾರಿಯನ್ನು ಆಯ್ಕೆ ಮಾಡಲಾಗಿತ್ತು. ಅವಳು ಹೇಳಿದ್ದು ನಿಜ ಎಂದು ಅದು ತೋರಿಸುತ್ತಿತ್ತು. ತಮ್ಮನಿಗೆ ಮಾತ್ರ ಕಳ್ಳ ಸಿಕ್ಕಿಬಿದ್ದಂತೆ ಕಂಡಿತು. ಅವನು ಬಣ್ಣದ ದನಿಯ ದಾರಿಯನ್ನು ಆಯ್ಕೆ ಮಾಡಿಟ್ಟು, ಎಲ್ಲವನ್ನೂ ಮೊದಲಿದ್ದಂತೆ ಮುಚ್ಚಿ ಹೊರಟುಹೋದ.

ಎರಡನೆಯ ಹಾಡಿನ ದಿನ ಅಕ್ಕ ಅದನ್ನು ಗಮನಿಸಲಿಲ್ಲ. ತಮ್ಮ ಪೆಟ್ಟಿಗೆಯ ಮೊಳಗನ್ನು ಎಂದಿಗಿಂತ ಹೆಚ್ಚಿಸಿದ್ದ. ಹೆಡ್‌ಫೋನಿನಲ್ಲಿ ಅದು ಭವ್ಯವಾಗಿತ್ತು. ಸ್ಪೀಕರಿನಲ್ಲಿ ಹಾಕಿದಾಗ ಗಿಟಾರ್ ಹಾಡನ್ನು ನುಂಗಿಬಿಟ್ಟಿತ್ತು. ಅಕ್ಕನ ಮಾತುಗಳು ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿದ್ದವು. ಅವಳು ಅದನ್ನೂ ಇದನ್ನೂ ತಿರುಗಿಸಿ ನೋಡಿದಳು. ಸರಿಯಾಗಲಿಲ್ಲ.

"ಇದರಲ್ಲಿ ನೀನೇನಾದರೂ ಬದಲಾಯಿಸಿದೆಯಾ?" ಎಂದು ಕೇಳಿದಳು.

"ಇಲ್ಲ. ನಿನ್ನ ಕಂಪ್ಯೂಟರನ್ನು ನಾನ್ಯಾಕೆ ಮುಟ್ಟಲಿ?" ಎಂದ ತಮ್ಮ.

ಅವನು ಅಂದೇ ದೂರದ ಊರಿನ ಮದುವೆಯೊಂದಕ್ಕೆ ಬಸ್ಸು ಹಿಡಿಯಬೇಕಿತ್ತು. ಇನ್ನೊಮ್ಮೆ ನುಡಿಸಿ ಹೋಗಲು ಸಮಯವಿರಲಿಲ್ಲ. ನಾಟಕದವರು ಸಂಜೆಯೊಳಗೆ ಹಾಡು ಬೇಕೆಂದಿದ್ದರು. ಅವನು ಹೋದ ಮೇಲೆ ಅಕ್ಕ ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕುಳಿತು, ದನಿಯ ದಾರಿಗಳನ್ನು ತೆರೆದು ನೋಡಿದಳು. ಮೊದಲ ಹಾಡಿನ ಗಿಟಾರಿಗೆ ಹದವಾಗಿ ಬಣ್ಣ ಹಚ್ಚಿದಳು. ಎರಡನೆಯದನ್ನು ಇದ್ದ ಹಾಗೆಯೇ ಕಳುಹಿಸಿದಳು.

ಮರುದಿನ ನಿರ್ದೇಶಕರು ಅಕ್ಕನಿಗೆ ಫೋನ್ ಮಾಡಿದರು. "ಮೊದಲ ಹಾಡು ಕೇಳಿ ಸಂತೋಷವಾಯಿತು. ಎರಡನೆಯದರಲ್ಲಿ ಗಿಟಾರಿನವರು ಒಂದು ಮಾತನ್ನೂ ಕೇಳಗೊಡುವುದಿಲ್ಲ. ನುಡಿಸಿದವರು ಒಬ್ಬರೇ ತಾನೇ?"

ಅಕ್ಕ ಹೇಳಿದಳು: "ಒಬ್ಬನೇ. ತಪ್ಪು ಅವನದಲ್ಲ, ನನ್ನದು. ಧ್ವನಿ ಹಿಡಿಯುವಾಗ ನಾನು ಎಡವಿದೆ. ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಿ."

ನಿರ್ದೇಶಕರು ತಮ್ಮನನ್ನು ಕರೆಸಿದರು. ಅವನು ಪೆಟ್ಟಿಗೆ, ಗಿಟಾರ್ ಎರಡನ್ನೂ ತೆಗೆದುಕೊಂಡು ಹೋಗಿದ್ದ. ಅವರು ಪೆಟ್ಟಿಗೆ ಬೇಡ, ಹಾಗೆಯೇ ನುಡಿಸಿ ಎಂದರು. ಅವನು ಅಳುಕುತ್ತಲೇ ನುಡಿಸಿದ. ಅವರಿಗೆ ಹಿಡಿಸಿತು. ತಂಡದ ಜೊತೆ ತಿರುಗಲು ಅವನನ್ನು ಆರಿಸಿಕೊಂಡರು. ಧ್ವನಿ ಹಿಡಿಯಲು ಬಾರದವರಿಗೆ ಇಡೀ ನಾಟಕದ ಸಂಗೀತ ಒಪ್ಪಿಸಲಾಗದು ಎಂದು ಆ ಕೆಲಸವನ್ನು ಪೇಟೆಯ ಸ್ಟುಡಿಯೋ ಒಂದಕ್ಕೆ ಕೊಟ್ಟರು. ಹಾಡುವವರೂ ಅಲ್ಲಿಯವರೇ ಆದರು. ಅಕ್ಕನಿಗೆ ಏನೂ ಉಳಿಯಲಿಲ್ಲ.

ಹೊರಡುವಾಗ ನಿರ್ದೇಶಕರು ತಮ್ಮನಿಗೆ ಹೇಳಿದರು: "ನಿಮ್ಮ ಅಕ್ಕ ಒಳ್ಳೆಯವರು. ಕೆಡಿಸಿದ್ದು ತಾನೇ ಎಂದು ಒಪ್ಪಿಕೊಂಡರು."

ಆ ಮಾತು ಕೇಳಿ ತಮ್ಮನ ಎದೆ ಹಗುರಾಯಿತು. ತಾನು ಅಂದುಕೊಂಡದ್ದು ಸರಿಯಾಗಿತ್ತು. ಅಕ್ಕನೇ ಬಾಯಿಬಿಟ್ಟಿದ್ದಾಳೆ; ಇನ್ನು ಬೇರೆ ಸಾಕ್ಷಿ ಏಕೆ? ಸಂತೆಯ ದಿನ ತಾನು ಮಾಡಿದ್ದು ಅವನಿಗೆ ನೆನಪಿತ್ತು. ಆದರೆ ಅದು ಅವನ ಲೆಕ್ಕದಲ್ಲಿ ತಪ್ಪಾಗಿರಲಿಲ್ಲ, ಎಚ್ಚರಿಕೆಯಾಗಿತ್ತು.

ಅವನು ಅಕ್ಕನ ಮನೆಗೆ ಹೋಗಿ, ಅಲ್ಲಿ ಬಿಟ್ಟಿದ್ದ ಕೇಬಲನ್ನು ಕೇಳಿದ. ಅವಳು ಅದನ್ನು ಸುತ್ತಿ, ದಾರ ಕಟ್ಟಿ, ಅವನ ಕೈಗೆ ಕೊಟ್ಟಳು.

"ಜೋಪಾನವಾಗಿ ಹೋಗಿ ಬಾ" ಎಂದಳು. ಮತ್ತೇನೂ ಹೇಳಲಿಲ್ಲ.

ಹೇಳಲು ಮುಖವಿಲ್ಲ ಎಂದುಕೊಂಡ ತಮ್ಮ. ತಂಡದ ಜೊತೆ ಹೋದ. ಅವನ ನುಡಿಸಾಣಿಕೆಗೆ ಹೆಸರು ಬಂತು. ಹೊಸಬರು ಯಾರಾದರೂ ಜೊತೆಗೆ ಸೇರಿದರೆ, ಒಡಹುಟ್ಟಿದವರ ಮೇಲೂ ಒಂದು ಕಣ್ಣಿಟ್ಟಿರಬೇಕು ಎಂದು ಬುದ್ಧಿ ಹೇಳುತ್ತಿದ್ದ. ಅಕ್ಕನ ಹಾಡಿಗೆ ಅವನು ಮತ್ತೆ ನುಡಿಸಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ "ಗುರುಗಳೇ, ಆ ಅಕ್ಕನಿಗೆ ತಮ್ಮನ ಮೇಲೆ ಒಮ್ಮೆಯೂ ಸಂಶಯ ಬರಲಿಲ್ಲವೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಬಂದಿತ್ತು, ಅದು ನಿಜವೆಂದು ತಿಳಿದ ಮೇಲೆಯೇ ಅವಳು ತಪ್ಪು ತನ್ನದೆಂದಳು."