ಶಾಪದಿಂದ ಶುರುವಾದ ಕತೆ

"ಗುರುಗಳೇ, ಕತೆಗಳಲ್ಲಿ ಆಸೆಪಟ್ಟ ಹೆಂಗಸಿಗೆ ಯಾವಾಗಲೂ ಶಾಪವೇ ಏಕೆ? ಆಸೆಯನ್ನು ಅದುಮಿಟ್ಟುಕೊಂಡಿದ್ದರೆ ಅವಳು ಸುಖವಾಗಿರುತ್ತಿದ್ದಳಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಮದುವೆಯ ದಿನ ಹೆಂಡತಿಯ ಕೈ ಹಿಡಿದವನು ಮರುದಿನದಿಂದ ತಕ್ಕಡಿಯನ್ನೇ ಹಿಡಿದ. ಸಾಧು ಮನುಷ್ಯ ಎಂದು ಊರು ಹೊಗಳಿತು. ಹೆಂಡತಿಯ ಮೈಗೂ ಒಂದು ಹಸಿವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅದನ್ನು ತನಗೆ ತಾನೇ ಒಪ್ಪಿಕೊಳ್ಳಲೂ ಅವಳಿಗೆ ನಾಚಿಕೆ.

ಶುಕ್ರವಾರದ ಪೂಜೆಯಾದ ಮೇಲೆ ಕೇರಿಯ ಹೆಂಗಸರಿಗೆ ವ್ರತದ ಕತೆ ಹೇಳುವವಳು ಅವಳೇ. ಕೇಳುವವರು ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೂರಬೇಕು. ಕತೆ ಮುಗಿಯುವವರೆಗೆ ಏಳುವಂತಿಲ್ಲ. ಗೃಹಿಣಿಯೊಬ್ಬಳು ಬಳೆಗಾರನಿಗೆ ಮನಸೋತು ದೇವಿಯ ಶಾಪದಿಂದ ಕಲ್ಲಾದಳು. ಹಿರಿಯರು ಹೇಳಿಕೊಟ್ಟ ಕತೆ ಇಷ್ಟೇ. ಇವಳ ಬಾಯಲ್ಲಿ ಅದು ವಾರವಾರಕ್ಕೂ ಬೆಳೆಯಿತು. ಬಳೆಗಾರ ಅಂಗೈಯನ್ನು ಹೇಗೆ ಒತ್ತಿ ಮೆತ್ತಗೆ ಮಾಡಿದ, ಬಳೆ ಗೆಣ್ಣು ದಾಟುವಾಗ ಆ ಗೃಹಿಣಿ ಏಕೆ ಕಣ್ಣು ಮುಚ್ಚಿದಳು, ಎಲ್ಲವನ್ನೂ ನಿಧಾನವಾಗಿ ಹೇಳುವಳು. ಶಾಪವನ್ನು ಒಂದೇ ಉಸಿರಿಗೆ ಮುಗಿಸುವಳು. ಹೆಂಗಸರ ಮುಷ್ಟಿಯೊಳಗಿನ ಅಕ್ಷತೆ ಬೆವರಿಗೆ ಒದ್ದೆಯಾಗುತ್ತಿತ್ತು. ಪಾಪ ಮಾಡಿದವಳು ಕತೆಯವಳಲ್ಲವೇ, ತನಗೇನು ಎಂದು ಇವಳು ನಿಶ್ಚಿಂತೆಯಿಂದ ಇದ್ದಳು.

ಒಂದು ಶುಕ್ರವಾರ ವರ್ತಕ ಬಾಗಿಲ ಮರೆಯಲ್ಲಿ ನಿಂತು ಕೇಳಿದ. ಬೈಯಲಿಲ್ಲ. "ಪಾಪದ ಭಾಗ ಮನೆ ಹೆಂಗಸರಿಗೆ ಬೇಡ. ಇನ್ನು ಮೇಲೆ ಶಾಪದಿಂದಲೇ ಶುರುಮಾಡು," ಎಂದ.

ಅವಳು ಹಾಗೇ ಮಾಡಿದಳು. ಆಗಷ್ಟೇ ಕೇರಿಗೆ ಸೊಸೆಯಾಗಿ ಬಂದಿದ್ದ ಹುಡುಗಿಯೊಬ್ಬಳು, "ಅಕ್ಕಾ, ಶಾಪ ತಗಲುವಂಥದ್ದು ಅವಳೇನು ಮಾಡಿದ್ದಳು?" ಎಂದು ಕೇಳಿದಳು. ಉತ್ತರ ಹೇಳಲು ಇವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಆಮೇಲೂ ಹೊರಡಲಿಲ್ಲ. ವೈದ್ಯರು ಬಂದು ನೋಡಿ, ಗಂಟಲಿನಲ್ಲಿ ದೋಷವೇನೂ ಇಲ್ಲ ಎಂದು ಹೇಳಿ ಹೋದರು.

ವರ್ತಕ ಜಾಣ. ಹೆಂಡತಿ ಮೌನವ್ರತ ಹಿಡಿದಿದ್ದಾಳೆ ಎಂದು ಸಾರಿಬಿಟ್ಟ. ಜನ ನಂಬಿದರು, ಹಣ್ಣುಕಾಯಿ ತಂದು ಅವಳ ಕಾಲಿಗೆ ಬಿದ್ದರು. ಅವಳು ಅತ್ತರೆ ಅದು ಭಕ್ತಿಯ ಕಣ್ಣೀರು ಎಂದರು. ಪಾಪ, ಬೇಡ ಎನ್ನಲೂ ಅವಳಿಗೆ ದನಿಯಿರಲಿಲ್ಲ.

ಶಿಷ್ಯ, "ಆದರೂ ಶಾಪದಿಂದ ಉಳಿದುಕೊಂಡಳಲ್ಲ, ಗುರುಗಳೇ," ಎಂದ.

"ಮೊನ್ನೆ ಪೇಟೆಗೆ ಹೋದಾಗ ನೀನೂ ಆಕೆಯ ಕಾಲಿಗೆ ಬಿದ್ದು ಬಂದೆಯಲ್ಲ, ಒಮ್ಮೆ ಮುಖ ನೋಡಬಾರದಿತ್ತೇ?"