ಸಾಸಿವೆಯಷ್ಟು ಬೀಗ

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಬ್ಬ ಪ್ರೊಸೆಸರ್ ಇದ್ದ ಕಡೆ ನಾಲ್ವರು ಬಂದು ಕೂತರು. ಪ್ರಿಂಟರಿಗೆ ಅಪ್ಪಣೆ ಮುಟ್ಟಿಸುವ ಮುದುಕ ಡ್ರೈವರನ ಕೈಗೆ ಅವರಲ್ಲಿ ಇಬ್ಬರು ಒಂದೇ ಹೊತ್ತಿಗೆ ಬೇರೆ ಬೇರೆ ರೋಗಿಗಳ ವರದಿ ತುರುಕಿದರು. ರಕ್ತಕ್ಕಾಗಿ ಕಾಯುತ್ತಿದ್ದ ರೋಗಿ ನಿಂಗವ್ವನ ಹೆಸರಿನ ಕೆಳಗೆ ಬೇರೊಬ್ಬರ ರಕ್ತದ ಗುಂಪು ಸೇರಿಕೊಂಡಿತು. "ಈ ರಕ್ತ ಕೊಟ್ಟರೆ ಆಕೆ ಸಾಯುತ್ತಾಳೆ," ಎಂದು ಡ್ರೈವರ್ ಅಚ್ಚು ನಿಲ್ಲಿಸಿದ.

"ಅಜ್ಜ, ನಿನಗೆ ವಯಸ್ಸಾಯಿತು. ಜಾಗ ಬಿಡು," ಎಂದರು ಪ್ರೊಸೆಸರುಗಳು.

ಡ್ರೈವರ್ ತನ್ನ ಬಾಗಿಲಿಗೆ ಸಾಸಿವೆಯಷ್ಟು ಚಿಕ್ಕ ಬೀಗವೊಂದನ್ನು ಕೂರಿಸಿದ.

"ಒಳಗೊಬ್ಬರು ಇರುವಾಗ ಉಳಿದವರು ಹೊರಗೆ ನಿಲ್ಲಬೇಕು," ಎಂದಿತು ಬೀಗ.

"ನೀನು ಹೇಳಿದರೆ ನಾವು ನಿಲ್ಲಬೇಕೆ?"

"ನಿಲ್ಲದಿದ್ದರೆ ನಿಂಗವ್ವನನ್ನು ಕೊಂದವರು ನೀವೇ."

ಒಬ್ಬ ಒಳಹೋದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿ ಲೆಕ್ಕ ಮುಗಿಸುವ ಉಳಿದ ಮೂವರು ಆ ಬೀಗದ ಮುಂದೆ ತೆಪ್ಪಗೆ ನಿಂತರು. ನೋಡುತ್ತಿದ್ದ ಡ್ರೈವರನ ಮೈ ನವಿರೆದ್ದಿತು.

ವರದಿಗಳು ಬೆರೆಯದೆ ಒಂದೊಂದಾಗಿ ಅಚ್ಚಾದವು. ನಿಂಗವ್ವನಿಗೆ ಅವಳ ಗುಂಪಿನ ರಕ್ತವನ್ನೇ ಕೊಟ್ಟರು.