ಗುರುಸಿದ್ದವ್ವನ ಬಾಗಿಲಲ್ಲಿ ತಟ್ಟೆಯ ಸದ್ದು

ನೇಕಾರರ ಓಣಿಯೊಂದರಲ್ಲಿ ಹೆಂಗಸರೆಲ್ಲ ಸೇರಿ ಸಂಘ ಕಟ್ಟಿ, ಒಂದು ಕಟ್ಟಳೆ ಮಾಡಿಕೊಂಡಿದ್ದರು. ಯಾವ ಮನೆಯಲ್ಲಿ ಹೆಣ್ಣಿನ ಮೇಲೆ ಕೈ ಎತ್ತಿದ್ದು ಗೊತ್ತಾದರೂ ಸರಿ, ತಟ್ಟೆ ಸೌಟು ಹಿಡಿದು ಆ ಮನೆಯ ಮುಂದೆ ನಿಲ್ಲಬೇಕು. ಹೊಡೆದವರು ಹೊರಗೆ ಬಂದು, ಓಣಿಗೆಲ್ಲ ಕೇಳುವ ಹಾಗೆ "ತಪ್ಪಾಯ್ತು" ಅನ್ನುವ ತನಕ ಬಾರಿಸಬೇಕು. ಬೈಗುಳವಿಲ್ಲ, ಬಡಿದಾಟವಿಲ್ಲ. ಇದನ್ನು ಶುರು ಮಾಡಿದವಳು ಗುರುಸಿದ್ದವ್ವ.

ಅದರಿಂದ ಬದುಕಿಕೊಂಡವರಲ್ಲಿ ಕಾಶವ್ವನೂ ಒಬ್ಬಳು. ಅವಳ ಗಂಡ ಮಲ್ಲೇಶಿ ತನ್ನ ಬಾಗಿಲಲ್ಲಿ ಆ ಸದ್ದು ಕೇಳಿದ್ದು ಒಂದೇ ಸಲ. ವರ್ಷವಾಯಿತು, ಸಿಟ್ಟು ಬಂದರೆ ಮಗ್ಗದ ಮುಂದೆ ಕೂತು ಗುರುಗುಟ್ಟುತ್ತಾನೆ, ಅಷ್ಟೇ. ನೇಯ್ಗೆಯೂ ಹೆಚ್ಚಾಗಿದೆ.

ಒಂದು ಬೆಳಿಗ್ಗೆ ಗುರುಸಿದ್ದವ್ವನ ಸೊಸೆ ನೀರಿಗೆ ಬಂದಾಗ ಅವಳ ತೋಳಿನ ಮೇಲೆ ಊದುಗೊಳವೆಯ ಬಾಸುಂಡೆ ಎದ್ದಿತ್ತು. ರೊಟ್ಟಿ ಸೀದದ್ದಕ್ಕೆ ಅತ್ತೆ ಕೊಟ್ಟ ಬಹುಮಾನ.

ಮಧ್ಯಾಹ್ನದೊಳಗೆ ಸುದ್ದಿ ಗಂಡಸರು ಕೂರುವ ಓಣಿಯ ಕಟ್ಟೆ ಮುಟ್ಟಿತು. ಅವರಿಗೆ ಹಬ್ಬ.

"ಮುಂದಾಳೇ ಹಿಂಗ ಮಾಡಿದ ಮ್ಯಾಲ ಅದೆಂಥಾ ಸಂಘ?" ಎಂದ ಓಣಿಯ ಹಿರಿಯ ಚನಬಸಪ್ಪ. "ಇವತ್ತಿಂದ ತಟ್ಟೆ ಬಾರಿಸೂದು ಬಂದ್!"

ಎಲ್ಲರಿಗಿಂತ ಜೋರಾಗಿ ನಕ್ಕವನು ಮಲ್ಲೇಶಿ. ಆ ನಗು ಕೇಳಿ ಕಾಶವ್ವನ ಬೆನ್ನು ತಣ್ಣಗಾಯಿತು. ಬೆನ್ನಿಗೆ ನೆನಪಿನ ಶಕ್ತಿ ಜಾಸ್ತಿ.

"ಸುಮ್ನಿರೂಣು ಕಾಶವ್ವಾ," ಎಂದರು ಗೆಳತಿಯರು. "ಹೊರಗ ಗೊತ್ತಾದ್ರ ಸಂಘದ ಮರ್ಯಾದಿ ಹೋಗ್ತೈತಿ."

"ಗೊತ್ತಾಗೇತಿ ಯವ್ವಾ. ಕಟ್ಟಿ ಮ್ಯಾಲ ನಗಾಕತ್ತಾರ, ಕೇಳಸೂದಿಲ್ಲೇನು?"

ಕಾಶವ್ವ ತಟ್ಟೆ ಹಿಡಿದು, ಗಂಡಸರ ಮುಂದೆಯೇ ಹಾದು, ಗುರುಸಿದ್ದವ್ವನ ಬಾಗಿಲಿಗೆ ಬಂದಳು. ಒಬ್ಬಳೇ. ಆದರೂ ಬಾರಿಸಿದಳು.

"ಏ ಕಾಶೀ, ನನ್ನ ಬಾಗಲಾಗ ಬಾರಸ್ತೀಯೇನ? ನಿನ್ನ ಗಂಡನ ಕೈ ತಡದಾಕಿ ನಾನು!"

"ಹೌದ್ರೀ ಅಕ್ಕಾರ, ಅದಕ್ಕ ಬಂದೀನಿ. ನಿಮ್ಮದೊಂದು ಮನಿ ಬಿಟ್ರ, ನಾಳೆ ನನ್ನ ಮನಿ ಮುಂದ ಬಾರಿಸೂ ಹಕ್ಕು ಯಾರಿಗೂ ಉಳ್ಯೂದಿಲ್ಲ."

ಪಕ್ಕದ ಮನೆಯಿಂದ ಇನ್ನೊಂದು ತಟ್ಟೆ ಬಂತು. ಆಮೇಲೆ ಮತ್ತೊಂದು. ನೋಡುನೋಡುತ್ತಿದ್ದಂತೆ ಇಡೀ ಸಂಘ ನಿಂತಿತ್ತು. ಗುರುಸಿದ್ದವ್ವ ಹೊಸ್ತಿಲು ದಾಟಿ ಹೊರಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ "ತಪ್ಪಾಯ್ತವಾ" ಎಂದಳು.

"ಕೇಳಸಲಿಲ್ಲ!" ಎಂದಿತು ಹಿಂದಿನಿಂದ ಒಂದು ದನಿ.

ಈ ಸಲ ಓಣಿಗೆಲ್ಲ ಕೇಳಿಸಿತು.

ಕಟ್ಟೆಯ ಮೇಲೆ ನಗುವವರು ಯಾರೂ ಉಳಿದಿರಲಿಲ್ಲ. ಚನಬಸಪ್ಪನಿಗೆ ಏನೋ ಅರ್ಜೆಂಟ್ ಕೆಲಸ ನೆನಪಾಗಿತ್ತು. ಕಾಶವ್ವ ಮನೆಗೆ ಬಂದರೆ ಮಲ್ಲೇಶಿ ತಾನೇ ಒಲೆ ಹಚ್ಚಿ ಚಹಾ ಇಟ್ಟಿದ್ದ. ಸಕ್ಕರೆ ಎರಡರಷ್ಟು ಬಿದ್ದಿತ್ತು. ಅವಳು ಹೊಸ್ತಿಲ ಮೇಲೆ ಕೂತು, ನಿಧಾನವಾಗಿ ಪೂರ್ತಿ ಕುಡಿದಳು.

ನೀತಿ: ಮನುಷ್ಯರು ಕಟ್ಟಿದ ಚಳವಳಿಯಲ್ಲಿ ತಪ್ಪು ಮಾಡುವವರು ಇದ್ದೇ ಇರುತ್ತಾರೆ. ಒಬ್ಬರ ತಪ್ಪಿಗೆ ಚಳವಳಿಯನ್ನೇ ತಳ್ಳಿಹಾಕಬಾರದು. ಚಳವಳಿಯ ಮಾನ ಕಾಯುವ ನೆಪದಲ್ಲಿ ಆ ತಪ್ಪನ್ನು ಮುಚ್ಚಲೂಬಾರದು. ತನ್ನವರೇ ತಪ್ಪಿದಾಗ ಅದು ಏನು ಮಾಡುತ್ತದೆ ಎಂಬುದೇ ಅದರ ನಿಜವಾದ ಅಳತೆ.